ಶಾಲಾ ಡಿಸ್ಟ್ರಿಕ್ಟ್ ವರ್ಷದ ವರದಿ ಕೊಟ್ಟಾಗ ಯಾವ ಸಾಲು ಓದಬೇಕು?

ಅಮೆರಿಕದಲ್ಲಿ ಮನೆ ಹುಡುಕುವ ಕನ್ನಡದ ಕುಟುಂಬಗಳು ಅಡುಗೆಮನೆ ನೋಡುವ ಮೊದಲೇ ಶಾಲೆಯ ರೇಟಿಂಗ್ ನೋಡುತ್ತವೆ. ಹತ್ತಕ್ಕೆ ಒಂಬತ್ತು ಇದ್ದರೆ ಮಾತು ಮುಂದುವರಿಯುತ್ತದೆ, ಆರು ಇದ್ದರೆ ಬೇರೆ ಬೀದಿ ಹುಡುಕುತ್ತಾರೆ. ಆ ಒಂದು ಅಂಕಿಗಾಗಿ ಜಾಸ್ತಿ ಸಾಲ ಮಾಡುವವರೂ ಇದ್ದಾರೆ. ಆದರೆ ಅದೇ ಶಾಲೆಯನ್ನು ನಡೆಸುವ ಡಿಸ್ಟ್ರಿಕ್ಟ್ ಪ್ರತಿ ವರ್ಷ ಊರಿನವರ ಮುಂದೆ ಇಡುವ ವರದಿಯನ್ನು ತೆರೆದು ನೋಡುವವರು ಬಹಳ ಕಡಿಮೆ. ಪುಟಗಟ್ಟಲೆ ಕೋಷ್ಟಕ, ಬಾಯಿಗೆ ಬಾರದ ಸಂಕ್ಷಿಪ್ತ ಹೆಸರುಗಳು, ಬಣ್ಣಬಣ್ಣದ ಚಿತ್ರಗಳು. ಎರಡು ನಿಮಿಷಕ್ಕೆ ಮುಚ್ಚಿಬಿಡೋಣ ಅನಿಸುತ್ತದೆ.

ಮುಚ್ಚಬೇಡಿ ಅಂತ ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ. ಈ ವರದಿಯಲ್ಲಿ ಎಲ್ಲ ಸಾಲುಗಳೂ ಒಂದೇ ತೂಕದವಲ್ಲ. ಯಾವ ಮಕ್ಕಳು ಹಿಂದೆ ಉಳಿದಿದ್ದಾರೆ, ಅವರಿಗೆಂದು ಬಂದ ದುಡ್ಡು ಎಲ್ಲಿ ಹೋಯಿತು ಅನ್ನುವ ಎರಡು ಸಂಗತಿ ಸಿಕ್ಕರೆ ಮಿಕ್ಕಿದ್ದನ್ನು ನಿಧಾನವಾಗಿ ಓದಬಹುದು. ಕನ್ನಡಿಗರು ಜಾಸ್ತಿ ಇರುವ ಕ್ಯಾಲಿಫೋರ್ನಿಯಾದ ವರದಿಗಳನ್ನೇ ಇಟ್ಟುಕೊಂಡು ವಿವರಿಸುತ್ತೇನೆ. ಬೇರೆ ರಾಜ್ಯಗಳಲ್ಲಿ ಹೆಸರು ಬದಲಾದರೂ ಮೂಲ ವಿಷಯ ಹೆಚ್ಚುಕಡಿಮೆ ಇದೇ.

ಮೊದಲು ಡಿಸ್ಟ್ರಿಕ್ಟ್ ಅಂದರೆ ಏನು ಅನ್ನುವುದು ಸ್ಪಷ್ಟವಾಗಲಿ. ಕರ್ನಾಟಕದಲ್ಲಿ ಬಿಇಒ, ಡಿಡಿಪಿಐ ಇವರೆಲ್ಲ ಸರ್ಕಾರದ ಅಧಿಕಾರಿಗಳು. ಅವರು ಉತ್ತರ ಹೇಳಬೇಕಾದದ್ದು ತಮ್ಮ ಮೇಲಿನವರಿಗೆ. ಅಮೆರಿಕದ ಸ್ಕೂಲ್ ಡಿಸ್ಟ್ರಿಕ್ಟ್ ಹಾಗಲ್ಲ, ಅದು ಬಹುಪಾಲು ಕಡೆ ಶಾಲೆಗಳಿಗೆಂದೇ ಇರುವ ಒಂದು ಸಣ್ಣ ಸ್ಥಳೀಯ ಸರ್ಕಾರ. ಊರಿನವರು ವೋಟು ಹಾಕಿ ಸ್ಕೂಲ್ ಬೋರ್ಡ್ ಆರಿಸುತ್ತಾರೆ. ಡಿಸ್ಟ್ರಿಕ್ಟ್ ನಡೆಸಲು ಬೋರ್ಡು ಸೂಪರಿಂಟೆಂಡೆಂಟ್ ಅನ್ನುವ ಮುಖ್ಯ ಅಧಿಕಾರಿಯೊಬ್ಬರನ್ನು ನೇಮಿಸುತ್ತದೆ. ದೇಶದಲ್ಲಿ ಇಂಥವು ಸುಮಾರು 13,000 ಇವೆ. ಹವಾಯಿಯಲ್ಲಿ ಮಾತ್ರ ಇಡೀ ರಾಜ್ಯಕ್ಕೆ ಒಂದೇ. ಖರ್ಚಿನ ದೊಡ್ಡ ಭಾಗ ರಾಜ್ಯದ ಹಣ ಮತ್ತು ಸ್ಥಳೀಯರು ಕಟ್ಟುವ ಆಸ್ತಿ ತೆರಿಗೆಯಿಂದ ಬರುತ್ತದೆ. ಕೇಂದ್ರ ಸರ್ಕಾರದ ಪಾಲು ಸಾಮಾನ್ಯವಾಗಿ ಹತ್ತರಲ್ಲಿ ಒಂದು ಭಾಗದಷ್ಟು. ತೆರಿಗೆ ಕಟ್ಟುವವರೂ ಮಕ್ಕಳನ್ನು ಕಳಿಸುವವರೂ ವೋಟು ಹಾಕುವವರೂ ಅದೇ ಊರಿನವರು. ಹಾಗಾಗಿ ಲೆಕ್ಕ ಕೊಡಬೇಕಾದದ್ದೂ ಅವರಿಗೇ.

ಈ ಪದ್ಧತಿ ಹಳೆಯದು. ಹೊರೇಸ್ ಮ್ಯಾನ್ 1837ರಲ್ಲಿ ಮ್ಯಾಸಚೂಸೆಟ್ಸ್ ಶಿಕ್ಷಣ ಮಂಡಳಿಯ ಕಾರ್ಯದರ್ಶಿಯಾದರು. ಮುಂದೆ ವರ್ಷಕ್ಕೊಂದರಂತೆ 12 ವರದಿ ಬರೆದರು. 1838ರಲ್ಲಿ ಆ ರಾಜ್ಯ ಒಂದು ಕಾನೂನು ಮಾಡಿತು: ಪ್ರತಿ ಊರಿನ ಶಾಲಾ ಸಮಿತಿ ತನ್ನ ಶಾಲೆಗಳ ಸ್ಥಿತಿಗತಿಯನ್ನು ವಿವರವಾಗಿ ಬರೆಯಬೇಕು, ಅದನ್ನು ಊರಸಭೆಯಲ್ಲಿ ಎಲ್ಲರ ಎದುರು ಓದಬೇಕು. ಬರೆದು ಕಪಾಟಿನಲ್ಲಿ ಇಟ್ಟರೆ ಸಾಲದು, ಜನರ ಕಿವಿಗೆ ಬೀಳಬೇಕು ಅನ್ನುವ ಆ ಷರತ್ತು ನನಗೆ ಬಹಳ ಇಷ್ಟ. ಇವತ್ತಿನ ವರದಿಗಳು ಹತ್ತು ಪಟ್ಟು ಉದ್ದವಾಗಿವೆ, ಆದರೆ ಎದುರು ಕೂತು ಕೇಳುವವರು ಕಡಿಮೆಯಾಗಿದ್ದಾರೆ.

ಈಗಿನ ರೂಪ ಬಂದದ್ದು ಎರಡು ಕೇಂದ್ರ ಕಾನೂನುಗಳಿಂದ. 2002ರ ಜನವರಿಯಲ್ಲಿ ಜಾರ್ಜ್ ಡಬ್ಲ್ಯು. ಬುಷ್ ಸಹಿ ಹಾಕಿದ ನೋ ಚೈಲ್ಡ್ ಲೆಫ್ಟ್ ಬಿಹೈಂಡ್ ಕಾನೂನು ಪ್ರತಿ ವರ್ಷ 3ರಿಂದ 8ನೇ ತರಗತಿವರೆಗೆ ಓದು ಮತ್ತು ಗಣಿತದಲ್ಲಿ ಪರೀಕ್ಷೆ ಇಡಿ, ಹೈಸ್ಕೂಲಿನಲ್ಲಿ ಒಂದು ಸಲ ಇಡಿ ಅಂದಿತು. 2014ರ ಹೊತ್ತಿಗೆ ಪ್ರತಿಯೊಂದು ಮಗುವೂ ನಿಗದಿಯಾದ ಮಟ್ಟ ಮುಟ್ಟಬೇಕು ಅನ್ನುವ ಗುರಿಯನ್ನೂ ಇಟ್ಟಿತು. ನೂರಕ್ಕೆ ನೂರು! ಆ ಗುರಿ ಎಲ್ಲೂ ಮುಟ್ಟಲಿಲ್ಲ. ಅಷ್ಟರೊಳಗೆ ಒಳ್ಳೆಯ ಶಾಲೆಗಳಿಗೂ 'ಫೇಲ್' ಹಣೆಪಟ್ಟಿ ಬಿತ್ತು, ಕೆಲವು ರಾಜ್ಯಗಳು ಪಾಸಿನ ಗೆರೆಯನ್ನೇ ಕೆಳಗಿಳಿಸಿದವು. 2015ರ ಡಿಸೆಂಬರಿನಲ್ಲಿ ಒಬಾಮಾ ಸಹಿ ಹಾಕಿದ ಎವ್ರಿ ಸ್ಟೂಡೆಂಟ್ ಸಕ್ಸೀಡ್ಸ್ ಕಾನೂನು ಆ ಗುರಿಯನ್ನು ಕೈಬಿಟ್ಟಿತು. ಶಾಲೆಯನ್ನು ಅಳೆಯುವ ವಿಧಾನವನ್ನು ಬಹುಮಟ್ಟಿಗೆ ರಾಜ್ಯಗಳಿಗೆ ಬಿಟ್ಟಿತು. ಆದರೆ ಪರೀಕ್ಷೆ ಉಳಿಯಿತು. ರಾಜ್ಯ ಮತ್ತು ಡಿಸ್ಟ್ರಿಕ್ಟ್ ಎರಡೂ ಪ್ರತಿ ವರ್ಷ ರಿಪೋರ್ಟ್ ಕಾರ್ಡ್ ಹೊರಡಿಸಬೇಕು ಅನ್ನುವ ನಿಯಮವೂ ಉಳಿಯಿತು. ಒಂದೊಂದು ಶಾಲೆಯಲ್ಲೂ ಒಂದು ಮಗುವಿಗೆ ಎಷ್ಟು ಖರ್ಚಾಯಿತು ಅನ್ನುವ ಹೊಸ ಅಂಕಿಯೂ ಅದರಲ್ಲಿ ಸೇರಿತು.

ಬುಷ್ ಕಾಲದ ಕಾನೂನಿನಲ್ಲಿ ತಪ್ಪುಗಳು ಬೇಕಾದಷ್ಟಿದ್ದವು. ಅದು ಉಳಿಸಿಹೋದ ಒಂದು ಒಳ್ಳೆಯ ಕೆಲಸ ಮಾತ್ರ ಇಡೀ ವರದಿಯ ಜೀವ ಅಂತ ನನ್ನ ನಂಬಿಕೆ. ಸರಾಸರಿಯೊಂದನ್ನೇ ಹೇಳಿ ಸುಮ್ಮನಾಗುವ ಹಾಗಿಲ್ಲ, ಮಕ್ಕಳನ್ನು ಗುಂಪು ಗುಂಪಾಗಿ ಬಿಡಿಸಿ ತೋರಿಸಬೇಕು. ಬಡ ಮನೆಯ ಮಕ್ಕಳು, ಇಂಗ್ಲಿಷ್ ಕಲಿಯುತ್ತಿರುವವರು, ಅಂಗವೈಕಲ್ಯ ಇರುವವರು, ಬೇರೆ ಬೇರೆ ಜನಾಂಗದವರು, ಹೀಗೆ.

ಇದು ಯಾಕೆ ಇಷ್ಟು ಮುಖ್ಯ ಅಂತ ಒಂದು ಲೆಕ್ಕ ಮಾಡಿ ನೋಡೋಣ. ಕ್ಯಾಲಿಫೋರ್ನಿಯಾದಲ್ಲಿ ಶಾಲೆಯ ಅಂಕವನ್ನು ಶೇಕಡಾವಾರು ಹೇಳುವುದಕ್ಕಿಂತ, 'ಮಟ್ಟದಿಂದ ಎಷ್ಟು ದೂರ' ಅಂತ ಹೇಳುವುದು ರೂಢಿ. ಉದಾಹರಣೆಗೆ, 3ನೇ ತರಗತಿಯ ಗಣಿತದಲ್ಲಿ ಮಟ್ಟ ಮುಟ್ಟಲು 2436 ಅಂಕ ಬೇಕು. ಒಂದು ಮಗು 2450 ತೆಗೆದರೆ ಅದರ ದೂರ ಪ್ಲಸ್ 14. ಇನ್ನೊಂದು 2400 ತೆಗೆದರೆ ಮೈನಸ್ 36. ಎಲ್ಲ ಮಕ್ಕಳ ದೂರವನ್ನು ಕೂಡಿ ಸರಾಸರಿ ತೆಗೆದರೆ ಶಾಲೆಯ ಅಂಕ ಸಿಗುತ್ತದೆ. ಈಗ 100 ಮಕ್ಕಳ ಒಂದು ಶಾಲೆಯನ್ನು ಊಹಿಸಿಕೊಳ್ಳಿ. 70 ಮಕ್ಕಳು ತಲಾ ಪ್ಲಸ್ 40ರಲ್ಲಿದ್ದಾರೆ, 30 ಮಕ್ಕಳು ತಲಾ ಮೈನಸ್ 60ರಲ್ಲಿದ್ದಾರೆ. ಸರಾಸರಿ ಎಷ್ಟು? ಪ್ಲಸ್ 10. ಶಾಲೆ ಮಟ್ಟಕ್ಕಿಂತ ಮೇಲಿದೆ, ಎಲ್ಲರೂ ಖುಷಿ. ಆ 30 ಮಕ್ಕಳು ಎಲ್ಲಿ ಹೋದರು? ಸರಾಸರಿಯಲ್ಲಿ ಅವರು ಕಾಣುವುದೇ ಇಲ್ಲ. ಗುಂಪುವಾರು ಕೋಷ್ಟಕ ತೆಗೆದರೆ ಮಾತ್ರ ಕಾಣುತ್ತಾರೆ.

ಇಲ್ಲೇ ಇನ್ನೊಂದು ಸೂಕ್ಷ್ಮ ಇದೆ. ಶಾಲೆ ಮತ್ತು ಡಿಸ್ಟ್ರಿಕ್ಟ್‌ಗಳ ಸ್ಥಿತಿಯನ್ನು ಬಣ್ಣಗಳಲ್ಲಿ ತೋರಿಸುವ ಕ್ಯಾಲಿಫೋರ್ನಿಯಾದ ವೆಬ್‌ಸೈಟ್ 'ಸ್ಕೂಲ್ ಡ್ಯಾಶ್‌ಬೋರ್ಡ್‌'ನಲ್ಲಿ ಒಂದು ಗುಂಪಿಗೆ ಬಣ್ಣ ಸಿಗಬೇಕಾದರೆ ಸಾಮಾನ್ಯವಾಗಿ ಅದರಲ್ಲಿ ಕನಿಷ್ಠ 30 ಮಕ್ಕಳಿರಬೇಕು. 11ಕ್ಕಿಂತ ಕಡಿಮೆ ಇದ್ದರೆ ಅಂಕಿಯನ್ನೇ ತೋರಿಸುವುದಿಲ್ಲ, ಯಾವ ಮಗು ಎಂದು ಗೊತ್ತಾಗಬಾರದು ಅಂತ. ಆ ಕಾಳಜಿ ಸರಿಯೇ. ಆದರೆ 29 ಮಕ್ಕಳಿರುವ ಗುಂಪು ಎಷ್ಟೇ ಹಿಂದೆ ಬಿದ್ದಿದ್ದರೂ ಶಾಲೆಯ ಪುಟದಲ್ಲಿ ಕೆಂಪು ಬಣ್ಣ ಕಾಣುವುದಿಲ್ಲ. ಖಾಲಿ ಬಿಟ್ಟ ಜಾಗ ಕಂಡರೆ 'ಇಲ್ಲಿ ತೊಂದರೆ ಇಲ್ಲ' ಅಂದುಕೊಳ್ಳಬೇಡಿ. ಅದೇ ಗುಂಪು ಇಡೀ ಡಿಸ್ಟ್ರಿಕ್ಟ್‌ನ ಪುಟದಲ್ಲಿ ಹೇಗಿದೆ ಅಂತ ನೋಡಿ. ಅಲ್ಲಿ ಸಂಖ್ಯೆ ದೊಡ್ಡದಿರುತ್ತದೆ, ಬಣ್ಣ ಸಿಕ್ಕಿರುತ್ತದೆ.

ಬಣ್ಣದ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. 2017ರಲ್ಲಿ ಶುರುವಾದ ಈ ಡ್ಯಾಶ್‌ಬೋರ್ಡ್‌ನಲ್ಲಿ ಐದು ಬಣ್ಣ: ಕೆಂಪು, ಕಿತ್ತಳೆ, ಹಳದಿ, ಹಸಿರು, ನೀಲಿ. ನೀಲಿ ಎಲ್ಲಕ್ಕಿಂತ ಒಳ್ಳೆಯದು. ಬಣ್ಣ ಬರುವುದು ಎರಡು ಸಂಗತಿ ಸೇರಿ. ಈ ವರ್ಷ ಎಲ್ಲಿದ್ದಾರೆ, ಹೋದ ವರ್ಷಕ್ಕಿಂತ ಎಷ್ಟು ಏರಿದ್ದಾರೆ ಅಥವಾ ಇಳಿದಿದ್ದಾರೆ. ಹಾಗಾಗಿ ಒಂದೇ ಅಂಕ ಇರುವ ಎರಡು ಶಾಲೆಗೆ ಬೇರೆ ಬೇರೆ ಬಣ್ಣ ಬರಬಹುದು. ಒಂದು ಹತ್ತುತ್ತಿದೆ, ಇನ್ನೊಂದು ಜಾರುತ್ತಿದೆ. ಬಣ್ಣ ನೋಡಿ ನಿಲ್ಲಬೇಡಿ, ಅದರ ಮೇಲೆ ಒತ್ತಿ ಒಳಗಿನ ಎರಡೂ ಅಂಕಿ ನೋಡಿ. ಕೋವಿಡ್ ಕಾಲದಲ್ಲಿ ಬಣ್ಣ ಕೊಡುವುದೇ ನಿಂತಿತ್ತು. 2022ರಲ್ಲಿ ಬರೀ ಸ್ಥಿತಿ ಮಾತ್ರ ಹೇಳಿದರು. ಹಳೆಯ ವರ್ಷಗಳ ಜೊತೆ ಹೋಲಿಸುವಾಗ ಇದು ನೆನಪಿರಲಿ.

ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಯಾವ ಜಿಲ್ಲೆ ಮೊದಲು, ಯಾವುದು ಕೊನೆ ಅಂತ ಪತ್ರಿಕೆಯಲ್ಲಿ ಪಟ್ಟಿ ಬರುತ್ತದೆ ಅಲ್ವಾ? ಆ ಪಟ್ಟಿ ಓದಿ ಬೆಳೆದ ನಾವು ಇಲ್ಲಿಯೂ ರ‍್ಯಾಂಕನ್ನೇ ಹುಡುಕುತ್ತೇವೆ. ಆದರೆ ಸರಾಸರಿ ಅಂಕ ಬಹುಮಟ್ಟಿಗೆ ಹೇಳುವುದು ಆ ಊರಿನ ಅಪ್ಪ ಅಮ್ಮಂದಿರ ಆದಾಯ ಮತ್ತು ಓದಿನ ಬಗ್ಗೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಾನ್ ರಿಯರ್ಡನ್ ದೇಶದ ಸಾವಿರಾರು ಡಿಸ್ಟ್ರಿಕ್ಟ್‌ಗಳ ಪರೀಕ್ಷಾ ಅಂಕಗಳನ್ನು ಒಂದೇ ಅಳತೆಗೆ ತಂದು ನೋಡಿದರು. ಸರಾಸರಿ ಅಂಕ ಸಿರಿತನದ ಜೊತೆ ಗಟ್ಟಿಯಾಗಿ ಅಂಟಿಕೊಂಡಿತ್ತು. ಮಕ್ಕಳು ವರ್ಷದಿಂದ ವರ್ಷಕ್ಕೆ ಎಷ್ಟು ಕಲಿಯುತ್ತಾರೆ ಅನ್ನುವುದಕ್ಕೆ ಸಿರಿತನದ ಜೊತೆ ಅಷ್ಟು ನಂಟು ಇರಲಿಲ್ಲ. 2017ರಲ್ಲಿ ಅವರು ಷಿಕಾಗೋ ಬಗ್ಗೆ ಹೊರಹಾಕಿದ ಫಲಿತಾಂಶ ಹಲವರನ್ನು ಬೆರಗುಗೊಳಿಸಿತು. ಬಡ ಮಕ್ಕಳೇ ಜಾಸ್ತಿ ಇರುವ, ಸರಾಸರಿ ಕಡಿಮೆ ಇರುವ ಆ ಡಿಸ್ಟ್ರಿಕ್ಟ್‌ನಲ್ಲಿ ಮಕ್ಕಳು 3ರಿಂದ 8ನೇ ತರಗತಿಯೊಳಗೆ, ಅಂದರೆ 5 ವರ್ಷದಲ್ಲಿ, ಸುಮಾರು 6 ವರ್ಷದಷ್ಟು ಕಲಿಕೆ ಸಾಧಿಸಿದ್ದರು. ರೇಟಿಂಗ್ ನೋಡಿ ಮನೆ ಆರಿಸುವವರಿಗೆ ಇದು ಎಲ್ಲಿ ಕಾಣಬೇಕು?

ಇನ್ನು ನಮ್ಮ ಮನೆಗಳಿಗೆ ನೇರವಾಗಿ ತಾಗುವ ಎರಡು ಸಾಲುಗಳಿವೆ. ಒಂದು, ಇಂಗ್ಲಿಷ್ ಕಲಿಯುವವರ ಸಾಲು. ಮಗುವನ್ನು ಮೊದಲ ಸಲ ಕ್ಯಾಲಿಫೋರ್ನಿಯಾದ ಸರ್ಕಾರಿ ಶಾಲೆಗೆ ಸೇರಿಸುವಾಗ ಮನೆಮಾತಿನ ಒಂದು ಫಾರ್ಮ್ ಕೊಡುತ್ತಾರೆ. ಮಗು ಮೊದಲು ಕಲಿತ ಮಾತು ಯಾವುದು, ಮನೆಯಲ್ಲಿ ಯಾವುದು ಆಡುತ್ತದೆ, ನೀವು ಅದರ ಜೊತೆ ಯಾವುದರಲ್ಲಿ ಮಾತಾಡುತ್ತೀರಿ ಅಂತ ಕೇಳುತ್ತಾರೆ. ಕನ್ನಡ ಅಂತ ಬರೆದರೆ 30 ದಿನದೊಳಗೆ ಮಗುವಿಗೆ ಎಲ್‌ಪ್ಯಾಕ್ ಅನ್ನುವ ಇಂಗ್ಲಿಷ್ ಪರೀಕ್ಷೆ ಇಡುತ್ತಾರೆ. 'ಸುಮ್ನೆ ಇಂಗ್ಲಿಷ್ ಅಂತ ಬರೆದುಬಿಡಿ, ತಲೆನೋವು ಇರಲ್ಲ' ಅಂತ ಪರಿಚಯದವರು ಸಲಹೆ ಕೊಡುವುದುಂಟು. ನನಗೆ ಆ ಸಲಹೆ ಒಪ್ಪಿಗೆಯಿಲ್ಲ. ಅಜ್ಜಿಯ ಜೊತೆ ಕನ್ನಡದಲ್ಲೇ ಬೆಳೆದು, ಐದನೇ ವಯಸ್ಸಿಗೆ ಶಾಲೆಗೆ ಹೋಗುವ ಮಗುವಿಗೆ ಇಂಗ್ಲಿಷ್‌ನಲ್ಲಿ ನೆರವು ಬೇಕಿದ್ದರೆ ಅದನ್ನು ಪಡೆಯುವ ದಾರಿ ಇದು. ಚೆನ್ನಾಗಿ ಕಲಿತ ಮೇಲೆ ಇಂಗ್ಲಿಷ್ ಕಲಿಯುವವರ ಪಟ್ಟಿಯಿಂದ ಬಿಡುಗಡೆ ಮಾಡುತ್ತಾರೆ.

ಹಾಗೆ ಬಿಡುಗಡೆಯಾದ ಮಕ್ಕಳನ್ನು ಡ್ಯಾಶ್‌ಬೋರ್ಡ್ ಇನ್ನೂ 4 ವರ್ಷ ಅದೇ ಗುಂಪಿನ ಅಂಕದಲ್ಲಿ ಸೇರಿಸುತ್ತದೆ. ಇಲ್ಲದಿದ್ದರೆ ಚೆನ್ನಾಗಿ ಕಲಿತವರೆಲ್ಲ ಹೊರಗೆ ಹೋಗಿ, ಆ ಗುಂಪು ಯಾವಾಗಲೂ ಕೆಳಗೇ ಕಾಣುತ್ತಿತ್ತು. ಆದರೆ ಇದರಿಂದ ಇನ್ನೊಂದು ತೊಂದರೆ. ಬೇಗ ಕಲಿತು ಹೊರಬಂದ ಮಕ್ಕಳ ಹೊಳೆಯುವ ಅಂಕದ ಹಿಂದೆ, ವರ್ಷಗಟ್ಟಲೆ ಅದೇ ಪಟ್ಟಿಯಲ್ಲಿ ಉಳಿದ ಮಕ್ಕಳು ಮರೆಯಾಗುತ್ತಾರೆ. 2024ರಿಂದ ಅಂಥ ದೀರ್ಘಕಾಲದ ಕಲಿಕೆಯವರನ್ನು ಬೇರೆ ಗುಂಪಾಗಿ ತೋರಿಸುತ್ತಿದ್ದಾರೆ. ನೀವು ನಿಮ್ಮ ಡಿಸ್ಟ್ರಿಕ್ಟ್‌ನ ವರದಿಯಲ್ಲಿ ಒಂದೇ ಸಾಲು ಓದುವುದಾದರೆ ಇದನ್ನು ಓದಿ ಅಂತ ಹೇಳುತ್ತೇನೆ. ಅಲ್ಲಿರುವವರು ಬಹುಪಾಲು ನಮ್ಮ ಮಕ್ಕಳಲ್ಲ, ಆದರೆ ನಮ್ಮ ಮಕ್ಕಳ ಪಕ್ಕದ ಬೆಂಚಿನವರು.

ಎರಡನೆಯದು ಗೈರುಹಾಜರಿ. ಶಾಲೆ ನಡೆದ ದಿನಗಳಲ್ಲಿ ಶೇ 10 ಅಥವಾ ಅದಕ್ಕಿಂತ ಹೆಚ್ಚು ದಿನ ಬಾರದ ಮಗುವನ್ನು 'ಕ್ರಾನಿಕ್ ಆಬ್ಸೆಂಟ್' ಅಂತ ಲೆಕ್ಕ ಹಿಡಿಯುತ್ತಾರೆ. ವರ್ಷಕ್ಕೆ 180 ದಿನ ಶಾಲೆ, ಅಂದರೆ 18 ದಿನ. ಡಿಸೆಂಬರ್ ರಜೆಗೆ ಊರಿಗೆ ಹೋಗುತ್ತೇವೆ. ಎರಡು ವಾರ ರಜೆಗೆ ಟಿಕೆಟ್ ದುಡ್ಡು ದಂಡ ಅಂತ ಇನ್ನೂ ಮೂರು ವಾರ ಸೇರಿಸುತ್ತೇವೆ. ಅಲ್ಲಿಗೆ 15 ದಿನ ಹೋಯಿತು. ಆಮೇಲೆ ಒಂದು ಸಲ ಜ್ವರ ಬಂದು ಮೂರು ದಿನ ಮಲಗಿದರೆ 18 ಆಯಿತು. ಡಾಕ್ಟರ ಚೀಟಿ ಇದ್ದರೂ ಈ ಲೆಕ್ಕದಲ್ಲಿ ಗೈರೇ. ಇಡೀ ಕ್ಯಾಲಿಫೋರ್ನಿಯಾದಲ್ಲಿ 2018-19ರಲ್ಲಿ ಶೇ 12ರಷ್ಟಿದ್ದ ಇಂಥ ಮಕ್ಕಳು 2021-22ರಲ್ಲಿ ಶೇ 30 ಆದರು. ಆಮೇಲೆ ಇಳಿಯುತ್ತಾ ಬಂದರೂ ಹಳೆಯ ಮಟ್ಟಕ್ಕೆ ಬೇಗ ಬರಲಿಲ್ಲ. ಕ್ಯಾಲಿಫೋರ್ನಿಯಾ ತನ್ನ ಶಾಲಾ ಹಣವನ್ನು ಹಂಚುವುದು ದಿನದ ಸರಾಸರಿ ಹಾಜರಿಯ ಮೇಲೆ. ಮಗು ಬಾರದಿದ್ದರೆ ಬಹಳಷ್ಟು ಡಿಸ್ಟ್ರಿಕ್ಟ್‌ಗಳಿಗೆ ದುಡ್ಡೂ ಬರುವುದಿಲ್ಲ. ಊರಿಗೆ ಹೋಗಬೇಡಿ ಅನ್ನುತ್ತಿಲ್ಲ, ಅಜ್ಜ ಅಜ್ಜಿಯರ ಜೊತೆ ಕಳೆಯುವ ದಿನಗಳಿಗೆ ಬೆಲೆ ಕಟ್ಟಲಾಗದು. ಹೋಗುವ ಮೊದಲೇ ಶಾಲೆಯಲ್ಲಿ 'ಇಂಡಿಪೆಂಡೆಂಟ್ ಸ್ಟಡಿ' ಇದೆಯಾ ಅಂತ ಕೇಳಿ. ಒಪ್ಪಂದಕ್ಕೆ ಸಹಿ ಹಾಕಿ, ಕೊಟ್ಟ ಕೆಲಸ ಮುಗಿಸಿದರೆ ಹಾಜರಿ ಸಿಗುತ್ತದೆ. ನಿಯಮ ಒಂದೊಂದು ಡಿಸ್ಟ್ರಿಕ್ಟ್‌ನಲ್ಲಿ ಒಂದೊಂದು ಥರ.

ಹೈಸ್ಕೂಲು ಮುಗಿಸಿದವರು, ಸಸ್ಪೆಂಡ್ ಆದವರು, ಕಾಲೇಜಿಗೆ ಸಿದ್ಧರಾದವರು ಇವೂ ವರದಿಯಲ್ಲಿವೆ. ಇವನ್ನೂ ಗುಂಪುವಾರು ಓದಿದರೆ ಸಾಕು, ಬೇರೆ ಗುಟ್ಟೇನಿಲ್ಲ.

ಅಂಕಿಗಳನ್ನು ಎಷ್ಟು ನಂಬಬೇಕು? ಜಾರ್ಜಿಯಾ ರಾಜ್ಯದ ಅಟ್ಲಾಂಟಾದ ಕಥೆ ಇಲ್ಲಿ ಹೇಳಲೇಬೇಕು. ಅಲ್ಲಿನ ಡಿಸ್ಟ್ರಿಕ್ಟ್ ವರ್ಷಾನುವರ್ಷ ಏರುವ ಅಂಕ ತೋರಿಸಿತು. ಸೂಪರಿಂಟೆಂಡೆಂಟ್ ಬೆವರ್ಲಿ ಹಾಲ್ ಅವರಿಗೆ 2009ರಲ್ಲಿ ದೇಶದ ಅತ್ಯುತ್ತಮ ಸೂಪರಿಂಟೆಂಡೆಂಟ್ ಅನ್ನುವ ಪ್ರಶಸ್ತಿ ಬಂತು. 2011ರಲ್ಲಿ ರಾಜ್ಯದ ತನಿಖೆ ಹೊರಬಂದಾಗ, ಪರಿಶೀಲಿಸಿದ 56 ಶಾಲೆಗಳಲ್ಲಿ 44ರಲ್ಲಿ ಮೋಸ ನಡೆದಿತ್ತು ಅಂತ ಗೊತ್ತಾಯಿತು. ಶಿಕ್ಷಕರು, ಮುಖ್ಯಶಿಕ್ಷಕರು ಸೇರಿ 178 ಜನರ ಹೆಸರು ಬಂತು. ಮಕ್ಕಳ ಉತ್ತರಪತ್ರಿಕೆಯಲ್ಲಿ ತಪ್ಪು ಉತ್ತರ ಅಳಿಸಿ ಸರಿ ಉತ್ತರ ತುಂಬಿದ್ದರು. 2015ರಲ್ಲಿ 11 ಜನರಿಗೆ ಶಿಕ್ಷೆಯಾಯಿತು. ನನಗೆ ಇದರಲ್ಲಿ ಜಾಸ್ತಿ ನೋವಾಗುವುದು ಆ ಮಕ್ಕಳನ್ನು ನೆನೆದು. ಓದು ಬಾರದ ಮಗುವಿನ ಹಾಳೆಯಲ್ಲಿ 'ಬರುತ್ತದೆ' ಅಂತ ಬಿದ್ದ ಮೇಲೆ ಅದಕ್ಕೆ ಸಿಗಬೇಕಿದ್ದ ನೆರವೂ ತಪ್ಪುತ್ತದೆ. ಅಂಕಿ ಒಂದೇ ವರ್ಷದಲ್ಲಿ ವಿಪರೀತ ಜಿಗಿದರೆ ಚಪ್ಪಾಳೆ ತಟ್ಟುವ ಮೊದಲು ಹೇಗೆ ಅಂತ ಕೇಳುವುದು ಅನುಮಾನವಲ್ಲ, ಕಾಳಜಿ.

ಈಗ ದುಡ್ಡಿನ ಭಾಗ. ಹೆಚ್ಚಿನವರು ಇಲ್ಲಿಗೆ ಬರುವಷ್ಟರಲ್ಲಿ ಸುಸ್ತಾಗಿರುತ್ತಾರೆ, ಆದರೆ ಪ್ರಶ್ನೆ ಕೇಳಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. 2013ರಲ್ಲಿ ಗವರ್ನರ್ ಜೆರ್ರಿ ಬ್ರೌನ್ ಶಾಲೆಗಳಿಗೆ ಹಣ ಹಂಚುವ ಸೂತ್ರವನ್ನೇ ಬದಲಿಸಿದರು. ಪ್ರತಿ ಮಗುವಿಗೆ ಒಂದು ಮೂಲ ಮೊತ್ತ. ಬಡತನದ ಮನೆಯವರು, ಇಂಗ್ಲಿಷ್ ಕಲಿಯುತ್ತಿರುವವರು, ಹೆತ್ತವರಿಂದ ದೂರವಾಗಿ ಸರ್ಕಾರದ ಆಶ್ರಯದಲ್ಲಿ ಬೆಳೆಯುತ್ತಿರುವವರು, ಇಂಥ ಒಬ್ಬೊಬ್ಬ ಮಗುವಿಗೂ ಅದರ ಮೇಲೆ ಶೇ 20 ಹೆಚ್ಚು. ಇಂಥವರು ಶೇ 55 ದಾಟಿದ ಡಿಸ್ಟ್ರಿಕ್ಟ್‌ಗೆ ಇನ್ನೂ ಹೆಚ್ಚು. ಇದಕ್ಕೆ ಪ್ರತಿಯಾಗಿ ಡಿಸ್ಟ್ರಿಕ್ಟ್ ಮೂರು ವರ್ಷದ ಯೋಜನೆ ಬರೆದು, ಪ್ರತಿ ವರ್ಷ ಅದರ ಲೆಕ್ಕ ಒಪ್ಪಿಸಬೇಕು. ಅದನ್ನು ಎಲ್ಲರೂ 'ಎಲ್‌ಕ್ಯಾಪ್' ಅನ್ನುತ್ತಾರೆ.

ಆ ಕಡತದಲ್ಲಿ ಎರಡು ಕಾಲಂ ಹುಡುಕಿ. ಒಂದರಲ್ಲಿ ಹೋದ ವರ್ಷ ಯಾವ ಕೆಲಸಕ್ಕೆ ಎಷ್ಟು ಖರ್ಚು ಮಾಡುತ್ತೇವೆ ಅಂದಿದ್ದರು ಅನ್ನುವುದು ಇರುತ್ತದೆ. ಪಕ್ಕದಲ್ಲಿ ನಿಜಕ್ಕೂ ಸುಮಾರು ಎಷ್ಟು ಖರ್ಚಾಯಿತು ಅನ್ನುವುದು. ಎರಡೂ ಹತ್ತಿರ ಇದ್ದರೆ ಮುಂದೆ ಹೋಗಿ. ಮಕ್ಕಳಿಗೆ ಸಲಹೆ, ಸಾಂತ್ವನ ಕೊಡುವ ಕೌನ್ಸೆಲರ್ ನೇಮಕಕ್ಕೆ ಅಂತ ಇಟ್ಟಿದ್ದರಲ್ಲಿ ಅರ್ಧವೂ ಖರ್ಚಾಗಿಲ್ಲ ಅಂದರೆ ನಿಲ್ಲಿ. ಜನ ಸಿಗಲಿಲ್ಲವಾ? ಬೇರೆ ಕಡೆ ಹೋಯಿತಾ? ವಿವರಣೆ ಕೆಳಗೆ ಬರೆದಿರಲೇಬೇಕು. ಹೆಚ್ಚುವರಿ ನೆರವಿನ ಹಣಕ್ಕೆ ತಕ್ಕಷ್ಟು ಸೇವೆ ಆ ಮಕ್ಕಳಿಗೆ ಸಿಗದಿದ್ದರೆ, ಉಳಿದದ್ದನ್ನು ಮುಂದಿನ ವರ್ಷಕ್ಕೆ ಅವರ ಹೆಸರಿನಲ್ಲೇ ಒಯ್ಯಬೇಕು ಅನ್ನುವ ನಿಯಮ 2021ರ ನಂತರ ಬಂದಿದೆ. ಅದಕ್ಕೂ ಒಂದು ಕೋಷ್ಟಕ ಇದೆ.

ಮಕ್ಕಳ ಸಂಖ್ಯೆಯ ಸಾಲನ್ನೂ ಬಿಡಬೇಡಿ. ರೇಟಿಂಗ್‌ಗೆ ಹೆಸರಾದ ಕೂಪರ್ಟಿನೊ ಯೂನಿಯನ್ ಡಿಸ್ಟ್ರಿಕ್ಟ್ ಕೂಡ ಮಕ್ಕಳು ಕಡಿಮೆಯಾದರೆಂದು 2022ರಲ್ಲಿ ಪ್ರಾಥಮಿಕ ಶಾಲೆಗಳನ್ನು ಮುಚ್ಚಬೇಕಾಯಿತು. ಮನೆ ಬೆಲೆ ಏರಿ ಎಳೆಯ ಮಕ್ಕಳಿರುವ ಕುಟುಂಬಗಳಿಗೆ ಅಲ್ಲಿ ಕಾಲಿಡುವುದೇ ಕಷ್ಟವಾಗಿತ್ತು. ಶಾಲೆಗಾಗಿಯೇ ಮನೆ ಕೊಂಡವರ ಬೀದಿಯ ಶಾಲೆ ಮುಚ್ಚುವುದು ಸಣ್ಣ ವಿಷಯವಲ್ಲ. ಅಂಥ ತೀರ್ಮಾನ ಒಂದು ರಾತ್ರಿಯಲ್ಲಿ ಆಗುವುದಿಲ್ಲ, ಅದರ ಸುಳಿವು ವರ್ಷಗಳ ಮೊದಲೇ ಇಳಿಯುವ ಅಂಕಿಯಲ್ಲಿ ಇರುತ್ತದೆ.

ಓದಿದ ಮೇಲೆ ಎಲ್ಲಿ ಮಾತಾಡಬೇಕು? ಎಲ್‌ಕ್ಯಾಪ್ ಜುಲೈ 1ರೊಳಗೆ ಪಾಸಾಗಬೇಕು. ಹಾಗಾಗಿ ಬಹುತೇಕ ಕಡೆ ಮೇ ಕೊನೆ ಅಥವಾ ಜೂನ್‌ನಲ್ಲಿ ಬೋರ್ಡಿನ ಎರಡು ಸಭೆ ನಡೆಯುತ್ತವೆ. ಒಂದರಲ್ಲಿ ಜನರ ಅಹವಾಲು ಕೇಳುತ್ತಾರೆ, ಇನ್ನೊಂದರಲ್ಲಿ ಪಾಸು ಮಾಡುತ್ತಾರೆ. ಎರಡನ್ನೂ ಒಂದೇ ಸಭೆಯಲ್ಲಿ ಮುಗಿಸುವಂತಿಲ್ಲ. ಸ್ಥಳೀಯ ಸಂಸ್ಥೆಗಳ ಸಭೆ ಜನರಿಗೆ ತೆರೆದಿರಬೇಕು ಅನ್ನುವ 1953ರ ಬ್ರೌನ್ ಆಕ್ಟ್ ಪ್ರಕಾರ ಮಾಮೂಲಿ ಸಭೆಯ ಅಜೆಂಡಾ 72 ಗಂಟೆ ಮೊದಲೇ ಹಾಕಬೇಕು, ಬಂದ ಯಾರಿಗೂ ಮಾತಾಡುವ ಹಕ್ಕಿದೆ. ಪೌರತ್ವ ಬೇಕಿಲ್ಲ. ಎಚ್-1ಬಿ ವೀಸಾದಲ್ಲಿದ್ದೇವೆ, ವೋಟಿಲ್ಲ, ನಮಗೇಕೆ ಅಂತ ಹಿಂದೆ ಸರಿಯುವವರು ಇದನ್ನು ಗಮನಿಸಿ. ಸಾಮಾನ್ಯವಾಗಿ ಎರಡು ಮೂರು ನಿಮಿಷ ಕೊಡುತ್ತಾರೆ. ಒಂದೇ ಪ್ರಶ್ನೆ, ಪುಟದ ಸಂಖ್ಯೆ ಸಮೇತ ಕೇಳಿದರೆ ಆ ಸಮಯ ಸಾಕು.

ವೇದಿಕೆ ಎದುರು ನಿಲ್ಲಲು ಹಿಂಜರಿಕೆ ಇದ್ದರೆ ಪೋಷಕರ ಸಲಹಾ ಸಮಿತಿ ಇದೆ. ಆ ಸಮಿತಿ ಹೇಳಿದ ಮಾತಿಗೆ ಸೂಪರಿಂಟೆಂಡೆಂಟ್ ಬರಹದಲ್ಲೇ ಉತ್ತರ ಕೊಡಬೇಕು, ಅದು ಕಾನೂನು. ಭಾಷೆಯದೊಂದು ತೊಡಕು ಉಂಟು. ಒಂದು ಶಾಲೆಯ ಶೇ 15 ಮಕ್ಕಳ ಮನೆಮಾತು ಒಂದೇ ಆಗಿದ್ದರೆ ಮಾತ್ರ ಪೋಷಕರಿಗೆ ಕಳಿಸುವ ಪತ್ರಗಳನ್ನು ಆ ಭಾಷೆಯಲ್ಲೂ ಕೊಡಬೇಕು. ಸ್ಪ್ಯಾನಿಷ್ ಎಷ್ಟೋ ಕಡೆ ಆ ಗೆರೆ ದಾಟುತ್ತದೆ, ಕನ್ನಡಕ್ಕೆ ಅದು ಬಲು ದೂರ. ಆದರೂ ದುಭಾಷಿ ಬೇಕು ಅಂತ ಸಭೆಗೆ ಕೆಲವು ದಿನ ಮೊದಲೇ ಡಿಸ್ಟ್ರಿಕ್ಟ್ ಆಫೀಸಿಗೆ ಫೋನ್ ಮಾಡಿ ಕೇಳಬಹುದು. ಪಾಸಾದ ಕಡತ ಆಮೇಲೆ ಕೌಂಟಿಯ ಶಿಕ್ಷಣ ಕಚೇರಿಗೆ ಹೋಗುತ್ತದೆ, ಅವರು ಒಪ್ಪಿದ ಮೇಲೆ ಆ ವರ್ಷದ ಲೆಕ್ಕ ಗಟ್ಟಿ. ಮುಂದಿನ ಫೆಬ್ರವರಿ ಕೊನೆಯೊಳಗೆ ಅರ್ಧ ವರ್ಷದ ವರದಿಯನ್ನು ಬೋರ್ಡಿನ ಮುಂದೆ ಇಡಬೇಕು. ಜೂನ್ ಸಭೆ ತಪ್ಪಿಸಿಕೊಂಡವರು ತಮ್ಮ ಪ್ರಶ್ನೆಯನ್ನು ಅಲ್ಲಿಗೆ ತರಬಹುದು, ಖರ್ಚಾಗದ ದುಡ್ಡನ್ನು ಸರಿದಾರಿಗೆ ತರಲು ಆಗ ಇನ್ನೂ ನಾಲ್ಕು ತಿಂಗಳು ಇರುತ್ತದೆ.